ಬದುಕಿ ಬಂದವರ ಮೆರವಣಿಗೆ

ತುರ್ತು ಚಿಕಿತ್ಸೆಯಲ್ಲಿ ಉಳಿದುಕೊಂಡ ರೋಗಿಗೆ ಉಳಿಸಿದವರ ಮುಖ ನೆನಪಿರುವುದು ಅಪರೂಪ. ಎಚ್ಚರ ತಪ್ಪಿದ ಮೇಲೆ ಬಂದವರು, ಎಚ್ಚರ ಮರಳುವ ಮೊದಲೇ ಮುಂದಿನ ಕೆಲಸಕ್ಕೆ ಹೊರಟುಹೋದವರು ಅವರು. ಮನೆವೈದ್ಯರಿಗೆ ಹಬ್ಬದ ದಿನ ಹಣ್ಣಿನ ತಟ್ಟೆ ಕೊಟ್ಟು ಬರುವ, ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಸೀರೆ ಉಡಿಸುವ ರೂಢಿ ಇಲ್ಲಿ ಸಾಗದು. ಯಾರ ಮನೆ ಬಾಗಿಲಿಗೆ ಹೋಗಬೇಕೆಂದೇ ರೋಗಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಈ ವೈದ್ಯದ ಚರಿತ್ರೆಯಲ್ಲಿ ಕೃತಜ್ಞತೆ ತಾನಾಗಿ ಹರಿದದ್ದು ಕಡಿಮೆ. ಸಂಘ, ಬಹುಮಾನ, ಪದಕ, ಔತಣಕೂಟ, ಕಡೆಗೆ ಕಾನೂನು, ಹೀಗೆ ಒಂದಾದ ಮೇಲೊಂದು ಕಾಲುವೆ ತೋಡಿ ಅದನ್ನು ಹರಿಸಬೇಕಾಯಿತು. ಈ ತೋಡುವ ಕೆಲಸ ಶುರುವಾದದ್ದೂ ನಿಜವಾದ ಕಾಲುವೆಗಳ ದಂಡೆಯಲ್ಲೇ, 18ನೆಯ ಶತಮಾನದ ಆಮ್‌ಸ್ಟರ್‌ಡಾಮ್‌ನಲ್ಲಿ.

ಸತ್ತಂತೆ ಕಾಣುವ ವ್ಯಕ್ತಿ ಸತ್ತಿರಲಿಕ್ಕಿಲ್ಲ ಎಂಬ ಅನುಮಾನ ಅದಕ್ಕೂ ಮೊದಲೇ ಕೆಲವು ವೈದ್ಯರಲ್ಲಿ ಮೂಡಿತ್ತು. ಸ್ಕಾಟ್ಲೆಂಡಿನ ಅಲೋವಾ ಎಂಬ ಊರಿನಲ್ಲಿ 1732ರ ಡಿಸೆಂಬರ್ 3ರಂದು ಕಲ್ಲಿದ್ದಲ ಗಣಿಯ ಹೊಗೆಗೆ ಸಿಕ್ಕಿ ಬಿದ್ದಿದ್ದ ಕಾರ್ಮಿಕನೊಬ್ಬನನ್ನು ಮೇಲಕ್ಕೆ ತಂದಾಗ ನಾಡಿಯೂ ಇರಲಿಲ್ಲ, ಉಸಿರೂ ಇರಲಿಲ್ಲ. ವಿಲಿಯಂ ಟೊಸಾಕ್ ಎಂಬ ಶಸ್ತ್ರವೈದ್ಯರು ಅವನ ಬಾಯಿಗೆ ಬಾಯಿ ಇಟ್ಟು, ಮೂಗು ಹಿಡಿದು, ಬಲವಾಗಿ ಊದಿದರು. ಎದೆ ಉಬ್ಬಿತು, ಗುಂಡಿಗೆ ಮಿಡಿಯಿತು. ನಾಲ್ಕು ದಿನಗಳಲ್ಲಿ ಆತ ಮತ್ತೆ ಗಣಿ ಕೆಲಸಕ್ಕೆ ಹೋದ. ಈ ವರದಿ ಅಚ್ಚಾದದ್ದು 1744ರಲ್ಲಿ. ಮರುವರ್ಷ ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ಇದರ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. ಗಾಳಿ ಊದುವ ತಿದಿ ಬೇಕೆಂದಾಗ ಕೈಗೆ ಸಿಗದಿರಬಹುದು, ಊದುವ ಉಸಿರು ಮಾತ್ರ ಎಲ್ಲರ ಬಳಿಯೂ ಇರುತ್ತದೆ ಎಂಬುದು ಅವರ ವಾದದ ತಿರುಳು. ಆದರೂ ಇದು ವಿದ್ವಾಂಸರ ಸಭೆಯ ಮಾತಾಗಿಯೇ ಉಳಿಯಿತು. ನೀರಿನ ದಡದಲ್ಲಿ ನಿಂತ ಅಂಬಿಗನಿಗೆ ಅದನ್ನು ಮುಟ್ಟಿಸುವವರು ಯಾರೂ ಇರಲಿಲ್ಲ.

ಆಮ್‌ಸ್ಟರ್‌ಡಾಮ್ ಕಾಲುವೆಗಳ ನಗರ. ಮಂಜಿನ ರಾತ್ರಿಯಲ್ಲಿ, ಕುಡಿದ ಅಮಲಿನಲ್ಲಿ, ಆಟದ ಭರದಲ್ಲಿ ಜನ ನೀರಿಗೆ ಬೀಳುತ್ತಲೇ ಇದ್ದರು. ಬಿದ್ದವರನ್ನು ಎತ್ತಲು ಜನರಿಗೆ ಕೈ ಬಾರದಿದ್ದದ್ದಕ್ಕೆ ಕಾರಣ ಕಲ್ಲೆದೆಯಲ್ಲ, ಹೆದರಿಕೆ. ಅಧಿಕಾರಿಗಳು ಬಂದು ನೋಡುವ ಮುನ್ನ ಹೆಣವನ್ನು ಪೂರ್ತಿ ಮೇಲೆತ್ತಬಾರದು, ಕಾಲಾದರೂ ನೀರಿನಲ್ಲಿರಬೇಕು ಎಂಬ ನಂಬಿಕೆ ಬೇರೂರಿತ್ತು. ಮನೆಯೊಳಗೆ ತಂದು ಮಲಗಿಸಿದರೆ, ಆತ ಅಲ್ಲೇ ಸತ್ತರೆ, ಅನುಮಾನವೆಲ್ಲ ಮನೆಯವರ ಮೇಲೆ. ಹೋಟೆಲಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇನ್ನೂ ಜೀವ ಹಿಡಿದಿದ್ದ ಎಷ್ಟೋ ಜನ ದಡದಲ್ಲೇ ತಣ್ಣಗಾಗಿ ಹೋಗುತ್ತಿದ್ದರು.

1767ರಲ್ಲಿ ಯಾಕೋಬ್ ಡಿ ಕ್ಲೆರ್ಕ್ ಎಂಬ ವರ್ತಕ ಮತ್ತು ಆತನ ಗೆಳೆಯರು ಸೇರಿ ನೀರಿಗೆ ಬಿದ್ದವರನ್ನು ಉಳಿಸುವ ಸಂಘವೊಂದನ್ನು ಕಟ್ಟಿದರು. ಇದಕ್ಕೆ ಕಿಡಿ ಹಚ್ಚಿದ್ದು ಕೊರ್ನೆಲಿಸ್ ವಾನ್ ಎಂಗೆಲೆನ್ ತಮ್ಮ ಪತ್ರಿಕೆಯಲ್ಲಿ ಬರೆದ ಲೇಖನ. ಸಂಘ ಎರಡು ಕೆಲಸ ಮಾಡಿತು. ಮೊದಲನೆಯದು ಉಪಾಯಗಳ ಪಟ್ಟಿ: ಒದ್ದೆ ಬಟ್ಟೆ ತೆಗೆದು ಮೈ ಬೆಚ್ಚಗೆ ಮಾಡುವುದು, ಉಜ್ಜುವುದು, ಬಾಯಿಂದಲೋ ತಿದಿಯಿಂದಲೋ ಗಾಳಿ ಊದುವುದು, ಗಂಟಲಿಗೆ ಗರಿ ಆಡಿಸುವುದು, ನೆತ್ತರು ತೆಗೆಯುವುದು. ಇವೆಲ್ಲದರ ಜೊತೆಗೆ, ಇಂದಿನ ಓದುಗ ನಗುವ ಒಂದು ಉಪಾಯವೂ ಇತ್ತು: ಗುದದ್ವಾರದ ಮೂಲಕ ತಂಬಾಕಿನ ಹೊಗೆ ಹಾಯಿಸುವುದು. ಹೊಗೆಯ ಬಿಸಿ ಮತ್ತು ಖಾರ ಒಳಗಿನ ಜೀವವನ್ನು ಕೆರಳಿಸುತ್ತದೆ ಎಂಬ ನಂಬಿಕೆ ಆಗ ಯೂರೋಪಿನ ಉದ್ದಗಲಕ್ಕೂ ಇತ್ತು. ಅದಕ್ಕೆಂದೇ ಮಾಡಿದ ತಿದಿಯ ಪೆಟ್ಟಿಗೆಗಳೂ ಮಾರಾಟವಾಗುತ್ತಿದ್ದವು.

ಎರಡನೆಯ ಕೆಲಸವೇ ಹೆಚ್ಚು ಬಾಳಿಕೆ ಬಂದದ್ದು. ನೀರಿನಿಂದೆತ್ತಿ ಜೀವ ಮರಳಿಸಿದವರಿಗೆ, ಸಾಕ್ಷಿಗಳ ಹೇಳಿಕೆ ಇದ್ದರೆ, ಆರು ಡುಕಾಟ್ ಅಥವಾ ಒಂದು ಚಿನ್ನದ ಪದಕ. ಮನೆಗೆ ಸೇರಿಸಿಕೊಂಡ ಹೋಟೆಲಿನವನ ಖರ್ಚು ಸಂಘದ್ದು. ಪ್ರತಿಯೊಂದು ಪ್ರಕರಣವನ್ನೂ, ಉಳಿಸಿದವರ ಹೆಸರಿನ ಸಮೇತ, ಪುಸ್ತಕದಲ್ಲಿ ಅಚ್ಚು ಹಾಕಿಸುವುದೂ ಸಂಘದ ರೂಢಿಯಾಯಿತು. ರೋಗಿ ಹೇಳಲಾಗದ ಥ್ಯಾಂಕ್ಸನ್ನು ಊರಿನ ಪರವಾಗಿ ಸಂಘ ಹೇಳುವ ಏರ್ಪಾಡು ಇದು. ಮೊದಲ ನಾಲ್ಕು ವರ್ಷಗಳಲ್ಲಿ 150 ಜನ ಉಳಿದರೆಂದು ಸಂಘ ಹೇಳಿಕೊಂಡಿತು. ತಂಬಾಕಿನ ಹೊಗೆಯಿಂದ ಎಷ್ಟು ಜನ ಉಳಿದರೋ, ಹೊಗೆಯನ್ನೂ ತಾಳಿಕೊಂಡು ಎಷ್ಟು ಜನ ಉಳಿದರೋ ಈಗ ಹೇಳಲಾಗದು. ನೀರಿನಿಂದ ಬೇಗ ಮೇಲೆತ್ತಿ ಬೆಚ್ಚಗಿಟ್ಟದ್ದೇ ಅರ್ಧ ಚಿಕಿತ್ಸೆಯಾಗಿರಬೇಕು. ಆ ಅರ್ಧವನ್ನು ಸಾಧ್ಯ ಮಾಡಿದ್ದು ಔಷಧವಲ್ಲ, ಬಹುಮಾನ.

ಸುದ್ದಿ ಬೇಗ ಹಬ್ಬಿತು. ಹ್ಯಾಂಬರ್ಗ್, ವೆನಿಸ್, ಮಿಲಾನ್ ನಗರಗಳು ತಮ್ಮದೇ ಏರ್ಪಾಡು ಮಾಡಿಕೊಂಡವು. ಪ್ಯಾರಿಸ್‌ನಲ್ಲಿ ಫಿಲಿಪ್ ನಿಕೊಲಾ ಪಿಯಾ ಎಂಬ ಔಷಧ ವ್ಯಾಪಾರಿ ಸೇನ್ ನದಿಯ ದಂಡೆಯುದ್ದಕ್ಕೂ ಉಪಕರಣಗಳ ಪೆಟ್ಟಿಗೆ ಇಡಿಸಿದರು. ಆದರೆ ಕೃತಜ್ಞತೆಯ ವಿಷಯದಲ್ಲಿ ಆಮ್‌ಸ್ಟರ್‌ಡಾಮ್‌ನವರನ್ನು ಮೀರಿಸಿದ್ದು ಲಂಡನ್.

ಲಂಡನ್ನಿನ ಕಥೆಯ ನಾಯಕ ವಿಲಿಯಂ ಹಾಸ್, ಇಸ್ಲಿಂಗ್ಟನ್‌ನಲ್ಲಿ 1736ರಲ್ಲಿ ಹುಟ್ಟಿದ ಒಬ್ಬ ಅಪಾಥೆಕರಿ. ಅಂದರೆ ಔಷಧ ಕೊಡುವ, ಸಾಮಾನ್ಯ ಜನರ ನಾಡಿ ನೋಡುವ ವೈದ್ಯ. ಆಮ್‌ಸ್ಟರ್‌ಡಾಮ್ ಸಂಘದ ವಿವರಗಳು 1773ರಲ್ಲಿ ಇಂಗ್ಲಿಷಿಗೆ ಬಂದವು; ಹಾಲೆಂಡಿನಲ್ಲಿದ್ದು ಬಂದಿದ್ದ ವೈದ್ಯ ಥಾಮಸ್ ಕೋಗನ್ ಅವನ್ನು ಅನುವಾದಿಸಿದರು. ಅದೇ ವರ್ಷ ಹಾಸ್ ತಮ್ಮ ಸ್ವಂತ ಜೇಬಿನಿಂದ ಬಹುಮಾನ ಘೋಷಿಸಿದರು: ಥೇಮ್ಸ್ ನದಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಮತ್ತು ಲಂಡನ್ ಸೇತುವೆಗಳ ನಡುವೆ ಮುಳುಗಿದವರನ್ನು ಬೇಗ ಎತ್ತಿ ತಮಗೆ ಸುದ್ದಿ ಮುಟ್ಟಿಸಿದವರಿಗೆ ಹಣ. ಹೆಣಕ್ಕೆ ಜೀವ ಬರಿಸುವ ಹುಚ್ಚೆಂದು ವೃತ್ತಿಬಾಂಧವರು ನಕ್ಕರು. ಒಂದು ವರ್ಷ ಹೀಗೆ ಕೈಯಿಂದ ಖರ್ಚು ಮಾಡಿದ ಹಾಸ್ ಅವರಿಗೆ, ಇದನ್ನು ಹೀಗೆಯೇ ನಡೆಸಿದರೆ ಮನೆ ಮುಳುಗುತ್ತದೆ ಎಂದು ಕೋಗನ್ ಎಚ್ಚರ ಹೇಳಬೇಕಾಯಿತು. ಇಬ್ಬರೂ ತಲಾ 15 ಜನ ಗೆಳೆಯರನ್ನು ಕರೆತರುವುದೆಂದು ಒಪ್ಪಂದವಾಯಿತು. 1774ರ ಏಪ್ರಿಲ್ 18ರಂದು ಸೇಂಟ್ ಪಾಲ್ ಚರ್ಚಿನ ಅಂಗಳದ ಚಾಪ್ಟರ್ ಕಾಫಿ ಹೌಸ್‌ನಲ್ಲಿ ಈ 32 ಮಂದಿಯ ಸಂಘ ಹುಟ್ಟಿತು. ಎರಡು ವಾರದ ಹಿಂದಷ್ಟೇ, ಏಪ್ರಿಲ್ 4ರಂದು, ಹಾಸ್ ಚಿಕಿತ್ಸೆ ಕೊಡುತ್ತಿದ್ದ ಕವಿ ಆಲಿವರ್ ಗೋಲ್ಡ್‌ಸ್ಮಿತ್ ತೀರಿಕೊಂಡಿದ್ದರು. ತಾವು ಬೇಡವೆಂದ ಪುಡಿಯನ್ನೇ ಹಟ ಹಿಡಿದು ನುಂಗಿದ ರೋಗಿಯ ಬಗ್ಗೆ ಹಾಸ್ ಒಂದು ಕಿರುಪುಸ್ತಕವನ್ನೇ ಬರೆದರು. ಒಂದು ಜೀವ ಕೈ ಜಾರಿದ ತಿಂಗಳಿನಲ್ಲೇ ಜೀವ ಉಳಿಸುವ ಸಂಘ ಶುರುವಾದದ್ದು ಕಾಕತಾಳೀಯ ಇರಬಹುದು. ಹಾಸ್ ಅವರ ಹಟಕ್ಕೆ ಅದೂ ಸ್ವಲ್ಪ ಕಾವು ಕೊಟ್ಟಿರಬಹುದು.

ಸಂಘದ ಹೆಸರು ಮೊದಲು ಉದ್ದವಾಗಿತ್ತು. 1776ರಲ್ಲಿ ಹ್ಯೂಮೇನ್ ಸೊಸೈಟಿ ಎಂದಾಯಿತು, 1787ರಲ್ಲಿ ಅದಕ್ಕೆ ರಾಯಲ್ ಎಂಬ ಬಿರುದು ಸೇರಿತು. ಸಂಘದ ಪದಕದ ಮೇಲೆ ಹುಡುಗನೊಬ್ಬ ಆರಿಹೋದ ಪಂಜನ್ನು ಊದುತ್ತಿದ್ದಾನೆ. ಸುತ್ತ ಲ್ಯಾಟಿನ್ ಭಾಷೆಯ ಸಾಲೊಂದಿದೆ. ಎಲ್ಲೋ ಒಂದು ಸಣ್ಣ ಕಿಡಿ ಅಡಗಿರಬಹುದು ಎಂಬುದು ಅದರ ಅರ್ಥ. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಕನ್ನಡದಲ್ಲಿ ಸಿಟ್ಟಿಗೆ, ಒಳಗುದಿಗೆ ಬಳಸುವುದೇ ಹೆಚ್ಚು. ಹಾಸ್ ಕಣ್ಣಿಗೆ ಆ ಕೆಂಡ ಜೀವವಾಗಿ ಕಂಡಿತ್ತು.

ಲಂಡನ್ನಿನವರ ಲೆಕ್ಕಾಚಾರ ಆಮ್‌ಸ್ಟರ್‌ಡಾಮ್‌ನದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಜೀವ ಮರಳಿದರೆ ನಾಲ್ಕು ಗಿನಿ. ಮರಳದಿದ್ದರೂ, ಹೇಳಿದಷ್ಟು ಹೊತ್ತು ಪ್ರಯತ್ನ ಮಾಡಿದ್ದರೆ ಎರಡು ಗಿನಿ. ದೇಹವನ್ನು ಒಳಗೆ ತರಲು ಬಿಟ್ಟ ಹೆಂಡದಂಗಡಿಯವನಿಗೆ ಒಂದು ಗಿನಿ. ಸೋತ ಪ್ರಯತ್ನಕ್ಕೂ ಹಣ ಎಂಬ ಈ ನಿಯಮದಲ್ಲಿ ಹಾಸ್ ಅವರ ಅನುಭವ ಮಾತಾಡುತ್ತದೆ. ಗೆದ್ದಾಗ ಮಾತ್ರ ಬಹುಮಾನವೆಂದರೆ, ಗೆಲ್ಲುವ ಲಕ್ಷಣವಿಲ್ಲದ ದೇಹವನ್ನು ಯಾರೂ ಮುಟ್ಟುತ್ತಿರಲಿಲ್ಲ. ನದಿಯುದ್ದಕ್ಕೂ ನೆಲೆಸಿದ್ದ ಶಸ್ತ್ರವೈದ್ಯರು, ಅಪಾಥೆಕರಿಗಳು ಸಂಘದ ವೈದ್ಯ ಸಹಾಯಕರೆಂದು ಹೆಸರು ಕೊಟ್ಟು, ಕರೆ ಬಂದಾಗ ಓಡಿಹೋಗುತ್ತಿದ್ದರು.

ವರ್ಷಕ್ಕೊಮ್ಮೆ ಸಂಘದ ಹಬ್ಬ. ಚರ್ಚಿನಲ್ಲಿ ಉಪದೇಶ, ಲಂಡನ್ ಟ್ಯಾವರ್ನ್‌ನಲ್ಲಿ ಔತಣ. ಶ್ರೀಮಂತರು, ಪಾದ್ರಿಗಳು, ವರ್ತಕರು ಸಾಲಾಗಿ ಕೂತು ಊಟ ಮುಗಿಸಿದ ಮೇಲೆ ವಾದ್ಯ ನುಡಿಯುತ್ತಿತ್ತು. ಆ ವರ್ಷ ಸಾವಿನ ದಡ ಮುಟ್ಟಿ ಬಂದವರು ಗಂಡಸರು, ಹೆಂಗಸರು, ಮಕ್ಕಳೆನ್ನದೆ ಮೆರವಣಿಗೆಯಲ್ಲಿ ಒಳಬಂದು ಮೇಜುಗಳ ಸುತ್ತ ನಡೆಯುತ್ತಿದ್ದರು. ಅವರ ಕೈಗೆ ಬೈಬಲ್ಲೋ ಭಕ್ತಿಯ ಪುಸ್ತಕವೋ ಬರುತ್ತಿತ್ತು. ಔತಣಕ್ಕೆ ಬಂದವರ ಕಣ್ಣಲ್ಲಿ ನೀರು, ಸಂಘದ ಪೆಟ್ಟಿಗೆಗೆ ಚಂದಾ. ರಾಬರ್ಟ್ ಸ್ಮರ್ಕ್ ಎಂಬ ಚಿತ್ರಕಾರರು 1780ರ ದಶಕದಲ್ಲಿ ಇದೇ ವಸ್ತುವಿನ ಮೇಲೆ ಎರಡು ಚಿತ್ರ ಬರೆದರು: ಒಂದರಲ್ಲಿ ನದಿಯಿಂದೆತ್ತಿದ ಯುವಕ, ಇನ್ನೊಂದರಲ್ಲಿ ಅವನಿಗೆ ಜೀವ ಬಂದ ಗಳಿಗೆ, ಸುತ್ತ ಮನೆಯವರು. ಕೆತ್ತನೆಯ ಅಚ್ಚುಗಳಾಗಿ ಆ ಚಿತ್ರಗಳು ಹರಡಿ, ಹೊಸ ವೈದ್ಯವನ್ನು ನಂಬದವರಿಗೆ ಕಣ್ಣೆದುರಿನ ಸಾಕ್ಷಿಯಾದವು.

ಈ ಮೆರವಣಿಗೆಯನ್ನು ಇಂದು ನೋಡಿದರೆ ಸ್ವಲ್ಪ ಮುಜುಗರವಾಗುತ್ತದೆ. ನಡೆದವರಲ್ಲಿ ಹೆಚ್ಚಿನವರು ಬಡವರು, ಕೂತು ನೋಡಿದವರು ಉಳ್ಳವರು. ಕೃತಜ್ಞರಾಗಿ ಕಾಣುವುದೇ ಅವರ ಆ ದಿನದ ಕೆಲಸ. ಆದರೆ ಅದಕ್ಕೊಂದು ಪ್ರಯೋಜನವಿತ್ತು. ದಡದಲ್ಲಿ ತಾನು ಬಿಟ್ಟುಬಂದ ಜೀವ ಏನಾಯಿತೆಂದು ಅಂಬಿಗನಾಗಲೀ ಅಪಾಥೆಕರಿಯಾಗಲೀ ತಿಳಿಯುವ ಬೇರೆ ದಾರಿ ಇರಲಿಲ್ಲ. ಮುಂದೆ ಎರಡು ಶತಮಾನ ತುರ್ತು ವೈದ್ಯ ತಡಕಾಡಿದ್ದೂ ಇದೇ ದಾರಿಗಾಗಿ.

ಉಳಿದವರೆಲ್ಲ ಮೆರವಣಿಗೆಗೆ ಬರುತ್ತಿರಲಿಲ್ಲ. ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ಬರೆದು ಹೆಸರಾಗಿದ್ದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1795ರ ಅಕ್ಟೋಬರಿನ ಒಂದು ಮಳೆಯ ರಾತ್ರಿ ಪಟ್ನಿ ಸೇತುವೆಯಿಂದ ಥೇಮ್ಸ್‌ಗೆ ಹಾರಿದರು. ದೋಣಿಯವರು ಎತ್ತಿ ದಡದ ಹೋಟೆಲಿಗೆ ಹೊತ್ತೊಯ್ದು ಜೀವ ಮರಳಿಸಿದರು. ಕೈಕೊಟ್ಟ ಪ್ರಿಯಕರನಿಗೆ ಬರೆದ ಪತ್ರದಲ್ಲಿ ಅವರು ಹೇಳಿಕೊಂಡದ್ದು ಕೃತಜ್ಞತೆಯಲ್ಲ, ತಮ್ಮನ್ನು ಮತ್ತೆ ಈ ದುಃಖಕ್ಕೆ ಎಳೆತಂದರೆಂಬ ಕಹಿ. ಎರಡು ವರ್ಷದ ನಂತರ ಅವರಿಗೆ ಮಗಳು ಹುಟ್ಟಿದಳು. ಆ ಬಾಣಂತನದಲ್ಲೇ ತಾಯಿ ತೀರಿಕೊಂಡರು. ಆ ಮಗಳು ಮೇರಿ ಶೆಲ್ಲಿ, ಹೆಣದ ಭಾಗಗಳಿಗೆ ಜೀವ ಬರಿಸುವ ಕಾದಂಬರಿ 'ಫ್ರಾಂಕೆನ್‌ಸ್ಟೈನ್' ಬರೆದವರು. ನೀರಿಗೆ ಹಾರಿದವರನ್ನು ಉಳಿಸುವುದು ಸಂಘದ ಕೆಲಸದ ದೊಡ್ಡ ಪಾಲಾಗಿತ್ತು. ಥ್ಯಾಂಕ್ಸ್ ಕೇಳದೆ ಮಾಡಬೇಕಾದ ಕೆಲಸ ಅದು. ಇಂದಿನ ಅಪಘಾತ ವಿಭಾಗದಲ್ಲಿ ವಿಷ ಕುಡಿದವರ ಹೊಟ್ಟೆ ತೊಳೆಯುವ ವೈದ್ಯರಿಗೂ ನರ್ಸ್‌ಗಳಿಗೂ ಇದು ಹೊಸ ಸಂಗತಿಯಲ್ಲ.

ಬಹುಮಾನದ ಹಣ ಇನ್ನೊಂದು ಬಗೆಯ ಜನರನ್ನೂ ಸೆಳೆಯಿತು. ಒಬ್ಬ ಮುಳುಗಿದಂತೆ ನಟಿಸುವುದು, ಇನ್ನೊಬ್ಬ ಎತ್ತಿದಂತೆ ನಟಿಸುವುದು, ಗಿನಿಗಳನ್ನು ಇಬ್ಬರೂ ಹಂಚಿಕೊಳ್ಳುವುದು. ಈ ನಾಟಕ ಹೆಚ್ಚಿದಂತೆ ಸಂಘ ನಗದಿನ ಬದಲು ಪದಕ, ಪ್ರಶಸ್ತಿಪತ್ರಗಳ ಕಡೆಗೆ ವಾಲಿತು. ಪದಕವನ್ನು ಹೆಂಡದಂಗಡಿಯಲ್ಲಿ ಖರ್ಚು ಮಾಡಲಾಗದು.

ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆಯ ದಡದಲ್ಲಿ, ದೊರೆ ಮೂರನೆಯ ಜಾರ್ಜ್ ಕೊಟ್ಟ ಜಾಗದಲ್ಲಿ, 1794ರಲ್ಲಿ ಸಂಘದ್ದೇ ಒಂದು ಮನೆ ಎದ್ದಿತು. ಬೇಸಿಗೆಯಲ್ಲಿ ಈಜುವವರು, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರು ಮುಳುಗುವ ಜಾಗ ಅದು. ಬಿಸಿ ನೀರು, ಹಾಸಿಗೆ, ಉಪಕರಣ, ಕಾವಲುಗಾರರು ಸದಾ ಸಿದ್ಧವಾಗಿದ್ದ ಈ ಮನೆಯನ್ನು ಇಂದಿನ ತುರ್ತು ಚಿಕಿತ್ಸಾ ಕೊಠಡಿಯ ಹಿರಿಯಜ್ಜಿ ಎನ್ನಲು ಅಡ್ಡಿಯಿಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕು ಹಾಳಾದ ಅದನ್ನು 1950ರ ದಶಕದಲ್ಲಿ ಕೆಡವಿದರು.

19ನೆಯ ಶತಮಾನದಲ್ಲಿ ಉಪಾಯಗಳು ಒಂದೊಂದಾಗಿ ಉದುರಿದವು. ತಂಬಾಕಿನ ಸಾರ ಗುಂಡಿಗೆಯನ್ನೇ ನಿಲ್ಲಿಸಬಲ್ಲದೆಂದು ಬೆಂಜಮಿನ್ ಬ್ರೋಡಿ 1811ರಲ್ಲಿ ತೋರಿಸಿದ ಮೇಲೆ ಹೊಗೆಯ ಪೆಟ್ಟಿಗೆ ಮೂಲೆ ಸೇರಿತು. ತಿದಿಯಿಂದ ಶ್ವಾಸಕೋಶ ಹರಿಯಬಹುದೆಂದು ಫ್ರೆಂಚ್ ವೈದ್ಯರು 1820ರ ದಶಕದ ಕೊನೆಗೆ ಎಚ್ಚರಿಸಿದರು. ಬಾಯಿಂದ ಊದುವುದನ್ನೂ ಜನ ಕೈಬಿಟ್ಟರು. ದೇಹವನ್ನು ಹೊರಳಿಸುವ ಮಾರ್ಷಲ್ ಹಾಲ್ ವಿಧಾನ 1856ರಲ್ಲಿ, ತೋಳೆತ್ತಿ ಇಳಿಸುವ ಸಿಲ್ವೆಸ್ಟರ್ ವಿಧಾನ 1858ರಲ್ಲಿ ಬಂದವು. ಫಾದರ್‌ಗಿಲ್ 1745ರಲ್ಲೇ ಸರಿಯಾಗಿ ಹೇಳಿದ್ದನ್ನು ಬಿಟ್ಟು ನೂರು ವರ್ಷ ಸುತ್ತಾಡಿದಂತಾಯಿತು.

ಇದರ ಜೊತೆಗೆ ಪದಕದ ಗುರಿಯೂ ಸರಿಯಿತು. ಮೊದಲು ಜೀವ ಮರಳಿಸಿದ ಕೈಗೆ ಮಾನ. ಈಗ ನೀರಿಗೆ ಹಾರಿದ ಧೈರ್ಯಕ್ಕೆ. ರಷ್ಯಾದ ಚಕ್ರವರ್ತಿ ಮೊದಲನೆಯ ಅಲೆಕ್ಸಾಂಡರ್ ನದಿಯಿಂದೆತ್ತಿದ ರೈತನೊಬ್ಬನನ್ನು ವೈದ್ಯರು ಕೈಬಿಟ್ಟರೂ ಬಿಡದೆ ಉಳಿಸಿದರೆಂದು 1806ರಲ್ಲಿ ಚಿನ್ನದ ಪದಕ ಪಡೆದಿದ್ದರು. 1873ರಲ್ಲಿ ಶುರುವಾದ ಸ್ಟ್ಯಾನ್‌ಹೋಪ್ ಚಿನ್ನದ ಪದಕದ ಮೊದಲ ಹಕ್ಕುದಾರ ಮ್ಯಾಥ್ಯೂ ವೆಬ್, ಅಟ್ಲಾಂಟಿಕ್ ಸಾಗರದ ನಡುವೆ ಹಡಗಿನಿಂದ ಬಿದ್ದ ನಾವಿಕನಿಗಾಗಿ ನೀರಿಗೆ ಹಾರಿದಾತ. ಆ ನಾವಿಕ ಸಿಗಲೇ ಇಲ್ಲ. ಎರಡು ವರ್ಷದ ನಂತರ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿ ವೆಬ್ ಜಗತ್ಪ್ರಸಿದ್ಧರಾದರು. 'ಡ್ರಾಕುಲಾ' ಬರೆಯಲಿದ್ದ ಬ್ರಾಮ್ ಸ್ಟೋಕರ್ 1882ರಲ್ಲಿ ಥೇಮ್ಸ್‌ನ ಉಗಿದೋಣಿಯಿಂದ ಹಾರಿದ ಮುದುಕನನ್ನು ಎತ್ತಿ ತಮ್ಮ ಮನೆಗೇ ತಂದರು. ಆ ಜೀವವೂ ನಿಲ್ಲಲಿಲ್ಲ. ಸ್ಟೋಕರ್‌ಗೆ ಕಂಚಿನ ಪದಕ ಬಂತು. ಸೋತ ಪ್ರಯತ್ನಕ್ಕೂ ಎರಡು ಗಿನಿ ಎಂದಿದ್ದ ಹಾಸ್ ನಿಯಮ ಪದಕದ ಕಾಲದಲ್ಲೂ ಸಾಯಲಿಲ್ಲ.

ಜೀವ ಮರಳಿಸುವ ಕೆಲಸ ಅಷ್ಟರಲ್ಲಿ ನದಿಯ ದಡ ಬಿಟ್ಟು ಆಸ್ಪತ್ರೆಯ ಬಾಗಿಲಿಗೆ ಬಂದಿತ್ತು. ಅಲ್ಲಿ ಅದಕ್ಕೆ ಸಿಕ್ಕ ಜಾಗ ಒಳ್ಳೆಯದಲ್ಲ. ಬ್ರಿಟನ್ನಿನಲ್ಲಿ ಕ್ಯಾಷುಯಾಲ್ಟಿ ಎಂದರೆ ಆಗಷ್ಟೇ ಓದು ಮುಗಿಸಿದ ವೈದ್ಯರು ಹಿರಿಯರ ಮಾರ್ಗದರ್ಶನವಿಲ್ಲದೆ ದಿನ ದೂಡುವ ಜಾಗ. ಸರ್ ಹ್ಯಾರಿ ಪ್ಲಾಟ್ ನೇತೃತ್ವದ ಸಮಿತಿ 1962ರಲ್ಲಿ ಆ ಹೆಸರನ್ನೇ ಬದಲಿಸಲು ಶಿಫಾರಸು ಮಾಡಿತು. ಅಲ್ಲಿ ಹೆಸರು ಹೋಯಿತು; ಕರ್ನಾಟಕದ ಜನರ ಬಾಯಲ್ಲಿ ಮಾತ್ರ ಕ್ಯಾಷುಯಾಲ್ಟಿ ಇನ್ನೂ ಉಳಿದಿದೆ. ಅಮೆರಿಕದಲ್ಲಿ ತುರ್ತು ಕೊಠಡಿಯ ಪಾಳಿ ಚರ್ಮವೈದ್ಯರಿಗೂ ಬೀಳುತ್ತಿತ್ತು, ಮನೋವೈದ್ಯರಿಗೂ ಬೀಳುತ್ತಿತ್ತು. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ 1961ರಲ್ಲಿ ಜೇಮ್ಸ್ ಮಿಲ್ಸ್ ಮತ್ತು ಮೂವರು ವೈದ್ಯರು ತಮ್ಮ ಖಾಸಗಿ ದವಾಖಾನೆ ಬಿಟ್ಟು, ಹಗಲು ರಾತ್ರಿ ಇದೇ ಕೆಲಸ ಮಾಡುತ್ತೇವೆಂದು ಕೂತದ್ದು ಆ ಕಾಲಕ್ಕೆ ವಿಚಿತ್ರವಾಗಿ ಕಂಡಿತು. ವೃತ್ತಿಯ ಸಾಮಾನ್ಯ ಸುಖಗಳಲ್ಲೊಂದನ್ನು ಅವರು ಬಿಟ್ಟುಕೊಟ್ಟಿದ್ದರು. ರೋಗಿ ವಾರ್ಡಿಗೆ ಹೋಗುತ್ತಾನೆ, ಅಲ್ಲಿ ಹತ್ತು ದಿನ ನೋಡಿಕೊಂಡ ವೈದ್ಯರಿಗೆ ಕೈಮುಗಿದು ಮನೆಗೆ ಹೋಗುತ್ತಾನೆ. ಮೊದಲ ಹತ್ತು ನಿಮಿಷ ಯಾರ ಕೈಯಲ್ಲಿ ಇದ್ದೆನೆಂದು ಅವನಿಗೆ ತಿಳಿದಿರುವುದಿಲ್ಲ.

ಲಂಡನ್ನಿನ ಮೆರವಣಿಗೆಯ ನೆನಪು ಅಳಿದಿದ್ದ ಕಾಲದಲ್ಲಿ ಅದನ್ನು ಮತ್ತೆ ನಡೆಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಶಸ್ತ್ರವೈದ್ಯ ಕ್ಲಾಡ್ ಬೆಕ್. ಎದೆಯ ಶಸ್ತ್ರಚಿಕಿತ್ಸೆಯ ವೇಳೆ ಗುಂಡಿಗೆ ನಿಂತ 14 ವರ್ಷದ ಹುಡುಗನಿಗೆ ಅವರು 1947ರಲ್ಲಿ ಕೈಯಿಂದ ಗುಂಡಿಗೆಯನ್ನು ಒತ್ತಿ, ವಿದ್ಯುತ್ತಿನ ಹೊಡೆತ ಕೊಟ್ಟು ಉಳಿಸಿದರು. ವಿದ್ಯುತ್ತಿನಿಂದ ಹೀಗೆ ಮನುಷ್ಯನ ಗುಂಡಿಗೆ ಸರಿದಾರಿಗೆ ಬಂದು ರೋಗಿ ಪೂರ್ತಿ ಗುಣವಾದದ್ದು ಅದೇ ಮೊದಲು. ಕೆಲವು ವರ್ಷಗಳ ನಂತರ, ಇಂಥ ಚಿಕಿತ್ಸೆಯಿಂದ ಉಳಿದ 11 ಜನರನ್ನು ಒಂದೆಡೆ ನಿಲ್ಲಿಸಿ ಬೆಕ್ ಒಂದು ಚಲನಚಿತ್ರ ತೆಗೆಸಿದರು. ಸತ್ತವರ ಗಾಯನಮೇಳ ಎಂಬರ್ಥದ ಹೆಸರು ಅದಕ್ಕೆ. ಗಾಯನವೇನೂ ಇಲ್ಲ. ಗಂಭೀರ ಉಡುಪು ತೊಟ್ಟವರು ಮುಜುಗರದಿಂದ ಸಾಲಾಗಿ ನಿಂತಿರುತ್ತಾರೆ. ನೀವು ಹೇಗೆ ಸತ್ತಿರಿ ಎಂದು ವೈದ್ಯರು ಕೇಳುತ್ತಾರೆ. ಒಬ್ಬೊಬ್ಬರೂ ತಾವು ಸತ್ತ ಬಗೆಯನ್ನು ವಿವರಿಸುತ್ತಾರೆ. ನೋಡುವವರಿಗೆ ನಗು, ಅಳು ಎರಡೂ ಒತ್ತರಿಸುವ ಈ ದೃಶ್ಯ ಲಂಡನ್ ಟ್ಯಾವರ್ನ್‌ನ ದೃಶ್ಯದ ತದ್ರೂಪು. ಉದ್ದೇಶವೂ ಅದೇ: ನಂಬದ ವೃತ್ತಿಬಾಂಧವರ ಮುಂದೆ ಉಳಿದವರನ್ನೇ ನಿಲ್ಲಿಸುವುದು.

1960ರ ಜುಲೈಯಲ್ಲಿ ಬಾಲ್ಟಿಮೋರ್‌ನ ಕೌವೆನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ಎದೆ ಸೀಳದೆ, ಬರಿಯ ಕೈಗಳಿಂದ ಹೊರಗಿನಿಂದಲೇ ಒತ್ತುವ ವಿಧಾನವನ್ನು ಪ್ರಕಟಿಸಿದರು. ಅವರ ವರದಿಯ 20 ರೋಗಿಗಳಲ್ಲಿ 14 ಜನ ಉಳಿದಿದ್ದರು. ಜೇಮ್ಸ್ ಎಲಂ ಮತ್ತು ಪೀಟರ್ ಸಾಫರ್ ಅಷ್ಟರಲ್ಲಿ ಬಾಯಿಂದ ಊದುವುದನ್ನು ಮತ್ತೆ ಮುನ್ನೆಲೆಗೆ ತಂದಿದ್ದರು. ಎರಡೂ ಸೇರಿ ಇಂದಿನ ಸಿಪಿಆರ್ ಆಯಿತು. ಕಲಿಸಲು ಗೊಂಬೆ ಬೇಕಾದಾಗ ಅದನ್ನು ಮಾಡಿಕೊಟ್ಟವರು ನಾರ್ವೆಯ ಸ್ಟಾವಾಂಗರ್‌ನ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್. ನೀರಿಗೆ ಬಿದ್ದ ತಮ್ಮ ಪುಟ್ಟ ಮಗನನ್ನು ತಾವೇ ಎತ್ತಿ ಉಳಿಸಿಕೊಂಡಿದ್ದ ತಂದೆ. ಗೊಂಬೆಗೆ ಅವರು ಕೊಟ್ಟ ಮುಖ, ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ ಹೆಸರಿಲ್ಲದ ಹುಡುಗಿಯೊಬ್ಬಳ ಅಚ್ಚಿನದು. ಎರಡು ಶತಮಾನದ ಹಿಂದೆ ನೀರಿನ ದಡದಲ್ಲಿ ಶುರುವಾದ ವಿದ್ಯೆ ಕಲಿಕೆಯ ಗೊಂಬೆಯಲ್ಲೂ ನೀರಿನ ಗುರುತು ಬಿಡಲಿಲ್ಲ.

ಆಸ್ಪತ್ರೆ ಈಗ ರೋಗಿಯ ಬಳಿಗೆ ಹೋಗತೊಡಗಿತು. ಬೆಲ್‌ಫಾಸ್ಟ್‌ನ ಫ್ರಾಂಕ್ ಪ್ಯಾಂಟ್ರಿಜ್ 1966ರಲ್ಲಿ ಗುಂಡಿಗೆಗೆ ಹೊಡೆತ ಕೊಡುವ ಯಂತ್ರವನ್ನು ಗಾಡಿಯಲ್ಲಿಟ್ಟು ಕಳಿಸಿದರು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸಾಫರ್ ನೆರವಿನಿಂದ 1967ರಲ್ಲಿ ಹುಟ್ಟಿದ ಫ್ರೀಡಂ ಹೌಸ್ ಆಂಬುಲೆನ್ಸ್ ಕರಿಯರ ಬಡಾವಣೆಯ ಕೆಲಸವಿಲ್ಲದ ಯುವಕರಿಗೆ ತರಬೇತಿ ಕೊಟ್ಟು ಬೀದಿಗಿಳಿಸಿತು. ಅಲ್ಲಿಯವರೆಗೆ ಆ ಬಡಾವಣೆಯಲ್ಲಿ ಯಾರಾದರೂ ಕುಸಿದರೆ ಬರುತ್ತಿದ್ದದ್ದು ಪೊಲೀಸ್ ವ್ಯಾನು; ಹಿಂದೆ ಮಲಗಿಸಿ ಓಡಿಸುವುದಷ್ಟೇ ಸೇವೆ. ಫ್ರೀಡಂ ಹೌಸ್‌ನವರು ಕಲಿತದ್ದು ದೇಶಕ್ಕೇ ಮಾದರಿಯಾಯಿತು. ಆದರೂ 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರುಮಾಡಿ ಅವರನ್ನು ಮುಚ್ಚಿಸಿತು. ಪುಸ್ತಕ, ಸಾಕ್ಷ್ಯಚಿತ್ರಗಳ ಮೂಲಕ ಅವರಿಗೆ ಸಲ್ಲಬೇಕಾದ ಮಾನ ಸಂದದ್ದು ದಶಕಗಳ ನಂತರ, ತಲೆ ನರೆತ ಮೇಲೆ.

ಸಿಯಾಟಲ್‌ನಲ್ಲಿ 1970ರಲ್ಲಿ ಲಿಯೊನಾರ್ಡ್ ಕಾಬ್ ಅಗ್ನಿಶಾಮಕ ದಳದವರಿಗೆ ತರಬೇತಿ ಕೊಟ್ಟು ಶುರುಮಾಡಿದ ಸೇವೆ, ಎರಡು ವರ್ಷದಲ್ಲಿ ಊರಿನ ಜನರಿಗೂ ಸಿಪಿಆರ್ ಕಲಿಸತೊಡಗಿತು. ಈಗ ಅಮೆರಿಕ, ಬ್ರಿಟನ್ನಿನ ಹಲವು ಆಂಬುಲೆನ್ಸ್ ಸೇವೆಗಳು ಉಳಿದವರನ್ನೂ ಉಳಿಸಿದವರನ್ನೂ ಒಂದೇ ಕಡೆ ಕರೆದು ಕೂಟ ನಡೆಸುತ್ತವೆ. ಕರೆ ಸ್ವೀಕರಿಸಿ ಫೋನಿನಲ್ಲೇ ಎದೆ ಒತ್ತುವುದನ್ನು ಹೇಳಿಕೊಟ್ಟವರೂ ಅಲ್ಲಿರುತ್ತಾರೆ. ಅವರಂತೂ ರೋಗಿಯ ಮುಖವನ್ನೇ ಕಂಡಿರುವುದಿಲ್ಲ. ಹಾಸ್ ಕಾಲದ ಮೆರವಣಿಗೆಯಲ್ಲಿ ನಡೆದವರು ಬಡವರು, ಕೂತವರು ಧನಿಕರು; ಈ ಕೂಟಗಳಲ್ಲಿ ಎಲ್ಲರೂ ಒಂದೇ ಮೇಜಿಗೆ ಕೂರುತ್ತಾರೆ ಎಂಬುದು ಸಣ್ಣ ಬದಲಾವಣೆಯಲ್ಲ.

ಅಮೆರಿಕದಲ್ಲಿ 1979ರಲ್ಲಿ, ಭಾರತದಲ್ಲಿ 2009ರಲ್ಲಿ ತುರ್ತು ವೈದ್ಯಕೀಯ ಪ್ರತ್ಯೇಕ ಶಾಖೆಯೆಂದು ಮಾನ್ಯವಾಯಿತು. ಅದಕ್ಕೆ ಒಂದು ವರ್ಷ ಮೊದಲು, 2008ರ ರಾಜ್ಯೋತ್ಸವದ ದಿನ, ಕರ್ನಾಟಕದಲ್ಲಿ ಆರೋಗ್ಯ ಕವಚದ 108 ಆಂಬುಲೆನ್ಸ್‌ಗಳು ಓಡತೊಡಗಿದ್ದವು. ಆದರೆ ಭಾರತದ ರಸ್ತೆಗಳಲ್ಲಿ ಸಮಸ್ಯೆ ಗಾಡಿಯದಷ್ಟೇ ಆಗಿರಲಿಲ್ಲ. ಆಮ್‌ಸ್ಟರ್‌ಡಾಮ್ ಕಾಲುವೆ ದಡದ ಹೆದರಿಕೆಯೇ ಇಲ್ಲಿ ಬೇರೆ ವೇಷದಲ್ಲಿ ಕೂತಿತ್ತು. ಬಿದ್ದವನನ್ನು ಎತ್ತಿದರೆ ಪೊಲೀಸ್ ಕೇಸು, ಸಾಕ್ಷಿ ಹೇಳಲು ಕೋರ್ಟಿಗೆ ಅಲೆದಾಟ, ಆಸ್ಪತ್ರೆಯಲ್ಲಿ ಮುಂಗಡ ಹಣ. ನಮಗೇಕೆ ಊರ ಉಸಾಬರಿ. ಪೊಲೀಸ್ ಕಾಗದಪತ್ರಕ್ಕೆ ಕಾಯದೆ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿತ್ತು. ಅದು ವೈದ್ಯರಿಗೆ ಹೇಳಿದ ಮಾತು. ದಾರಿಹೋಕನ ಹೆದರಿಕೆ ಹಾಗೆಯೇ ಉಳಿಯಿತು.

2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೊರವಲಯದ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾಗಿದ್ದ ಹರೀಶ್ ಎಂಬ ಯುವಕ ಸಾಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದು ನಾಡನ್ನೇ ಅಲುಗಿಸಿತು. ಮುಂದಿನ ತಿಂಗಳೇ ಆತನ ಹೆಸರಿನಲ್ಲಿ, ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಮುಖ್ಯಮಂತ್ರಿ ಸಾಂತ್ವನ ಯೋಜನೆ ಬಂತು. ಅದೇ ವರ್ಷದ ಮಾರ್ಚ್ 30ರಂದು, ಗಾಯಾಳುವಿಗೆ ನೆರವಾದವರನ್ನು ಕಾಡಬಾರದೆಂಬ ಕೇಂದ್ರದ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿತು. ಕರ್ನಾಟಕ ವಿಧಾನಮಂಡಲ ಅದೇ ವರ್ಷ ನೆರವಾದವರ ರಕ್ಷಣೆಗೆಂದೇ ಪ್ರತ್ಯೇಕ ಮಸೂದೆ ಒಪ್ಪಿತು; 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, ಕರ್ನಾಟಕ ಇಂಥ ಕಾನೂನು ಮಾಡಿದ ಮೊದಲ ರಾಜ್ಯವಾಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಇದೇ ರಕ್ಷಣೆಯನ್ನು ಇಡೀ ದೇಶಕ್ಕೆ ಹಬ್ಬಿಸಿತು.

ಈ ಕಾನೂನುಗಳಲ್ಲಿ ಒಂದು ಸೂಕ್ಷ್ಮವಿದೆ. ಗಾಯಾಳುವನ್ನು ಆಸ್ಪತ್ರೆಗೆ ತಂದವರು ತಮ್ಮ ಹೆಸರು, ವಿಳಾಸ ಹೇಳಬೇಕಾಗಿಲ್ಲ. ಸೇರಿಸಿ ಸುಮ್ಮನೆ ಹೊರಟುಹೋಗಬಹುದು. ಹೆದರಿಕೆ ಹೋಗಲು ಇದು ಬೇಕೇ ಬೇಕು. ಆದರೆ ಇದರಿಂದ ರೋಗಿಯ ಕೃತಜ್ಞತೆಗೆ ಇದ್ದ ಒಂದೇ ಒಂದು ವಿಳಾಸವೂ ಅಳಿಸಿಹೋಗುತ್ತದೆ. ಆಟೋ ಚಾಲಕನೋ ತರಕಾರಿ ಗಾಡಿಯವನೋ ಎತ್ತಿ ತಂದನಂತೆ ಎಂಬಲ್ಲಿಗೆ ಎಷ್ಟೋ ಮನೆಗಳಲ್ಲಿ ಕಥೆ ನಿಲ್ಲುತ್ತದೆ.

ಕೇಂದ್ರ ಸರ್ಕಾರ 2021ರ ಅಕ್ಟೋಬರಿನಲ್ಲಿ ತಂದ ಬಹುಮಾನ ಯೋಜನೆ ಹೆಸರು ಹೇಳಲು ಒಪ್ಪಿದವರಿಗಾಗಿ. ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರನ್ನು ಮೊದಲ ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿ ಜೀವ ಉಳಿಸಿದವರಿಗೆ ಆರಂಭದಲ್ಲಿ 5,000 ರೂಪಾಯಿ ಮತ್ತು ಪ್ರಶಸ್ತಿಪತ್ರವಿತ್ತು. ಇವರಲ್ಲಿ ವರ್ಷಕ್ಕೆ ಹತ್ತು ಮಂದಿಗೆ ತಲಾ ಒಂದು ಲಕ್ಷ. ವೈದ್ಯರು ದೃಢಪಡಿಸಬೇಕು, ಪೊಲೀಸರು ಪತ್ರ ಕೊಡಬೇಕು, ಜಿಲ್ಲಾ ಸಮಿತಿ ಒಪ್ಪಬೇಕು. ಒಬ್ಬ ಗಾಯಾಳುವನ್ನು ಹಲವರು ಸೇರಿ ಉಳಿಸಿದ್ದರೆ ಹಣವನ್ನು ಸಮನಾಗಿ ಹಂಚಬೇಕೆಂಬುದೂ ನಿಯಮಗಳಲ್ಲಿದೆ. ಹಾಸ್ ಅವರ ಸಂಘವೂ ತನ್ನ ಎರಡು ಗಿನಿಗಳನ್ನು, ಮೊದಲು ಕೈಹಾಕಿದವರಿಗೆ, ನಾಲ್ವರಿಗೆ ಮೀರದಂತೆ, ಹಂಚುತ್ತಿತ್ತು.